ಮಾಟೋಳಿಯ ಕೆಳಗೆ ಎಣಿಕೆ

ಸಂಖ್ಯೆಯು ವಸ್ತುವಿನಲ್ಲಿದೆಯೋ, ಎಣಿಸುವವನ ಬುದ್ಧಿಯಲ್ಲಿದೆಯೋ ಎಂಬ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಶತಮಾನಗಳ ಕಾಲ ಮಥಿಸಿದ್ದಾರೆ. ಗೋವೆಯ ಮನೆಗಳಲ್ಲಿ ಚವತಿಯ ರಜೆ ಬಂದಾಗ ಅದೇ ಪ್ರಶ್ನೆಯು, ಯಾರೂ ಕೇಳದೆಯೇ, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮೂರು ನಾಲ್ಕು ವರ್ಷದ ಮಕ್ಕಳ ಕೈಗೆ ಬಂದು ಸೇರುತ್ತದೆ.

ಗಣಪತಿಯ ಮೂರ್ತಿಯ ನೆತ್ತಿಯ ಮೇಲೆ, ಮಾಡಿನಿಂದ ತೂಗುಹಾಕಿದ ಚೌಕಚೌಕವಾದ ಮರದ ಚೌಕಟ್ಟೇ ಮಾಟೋಳಿ. ನಮ್ಮ ಕಾರವಾರ, ಕುಮಟೆಗಳ ಕಡೆಯವರು ಫಲಾವಳಿ ಎಂದು ಕಟ್ಟುವುದೂ ಇದರ ಒಡಹುಟ್ಟೇ. ಹಬ್ಬದ ಮುನ್ನಾದಿನಗಳಲ್ಲಿ ಫೋಂಡೆ, ಮ್ಹಾಪ್ಸೆಗಳ ಪೇಟೆಗೆ ಕಾಡಂಚಿನ ಹಳ್ಳಿಗಳವರು ಹೊತ್ತು ತರುವ ಮಾದಳ, ಮಡಹಾಗಲ, ಹಗ್ಗದ ಹುರಿಯಂತೆ ತಿರುಚಿಕೊಂಡಿರುವ ಕೆವಣ, ಕಾಂಗ್ಲಾಂ ಎಂಬ ಕಾಡುಕಾಯಿಯ ಗೊಂಚಲು, ಇವುಗಳ ಜತೆಗೆ ಮನೆಯ ಹಿತ್ತಿಲ ತೆಂಗು, ಹಸಿ ಅಡಕೆಯ ಗೊನೆ, ಸೌತೆ, ಬಾಳೆ ಎಲ್ಲವೂ ಮರದ ತೊಗಟೆಯ ನಾರಿನಿಂದ ಬಿಗಿಯಲ್ಪಟ್ಟು ಆ ಚೌಕಟ್ಟನ್ನು ತುಂಬುತ್ತವೆ. ಏಣಿಯ ಮೇಲೆ ನಿಂತ ಹಿರಿಯನಿಗೆ ಕೆಳಗಿನಿಂದ ಒಂದೊಂದನ್ನೇ ಎತ್ತಿ ಕೊಡುವ ಸೇವೆಯು ಮಕ್ಕಳ ಪಾಲಿಗೆ ಬರುತ್ತದೆ. ಈ ಮೂಲೆಗೊಂದು ಕಾಯಿ, ಆ ಮೂಲೆಗೊಂದು ಕಾಯಿ. ಎರಡು ಮಾದಳಗಳ ನಡುವೆ ಒಂದು ಸೌತೆ. ಭಾರವಾದುದು ತೊಲೆಯ ಬಳಿಗೆ, ಹಗುರವಾದುದು ಅಂಚಿಗೆ. ಗಣಿತವೆಂಬ ಹೆಸರನ್ನು ಯಾರೂ ಎತ್ತದಿದ್ದರೂ, ಒಂದಕ್ಕೊಂದು ಹೊಂದಿಸುವುದು, ಕ್ರಮವನ್ನು ಮರುಕಳಿಸುವುದು, ತೂಗಿ ನೋಡುವುದು ಎಂಬ ಗಣಿತದ ಮೊದಲ ವ್ಯಾಪಾರಗಳೆಲ್ಲವೂ ಅಲ್ಲಿ ನಡೆದುಹೋಗುತ್ತವೆ.

ದೇವರ ಸಾಮಗ್ರಿಯನ್ನು ಮಗುವಿನ ಪಾಠಕ್ಕೆ ಉಪಕರಣವಾಗಿಸುವುದು ಭಕ್ತಿಗೆ ಕುಂದಲ್ಲವೆ ಎಂದು ಕೆಲವು ಶ್ರದ್ಧಾವಂತರು ಕೇಳುವುದುಂಟು. ಆಕ್ಷೇಪಣೆಯು ಕ್ಷುಲ್ಲಕವಲ್ಲ. ಎಣಿಸುವುದೆಂದರೆ ಲೆಕ್ಕವಿಡುವುದು, ಲೆಕ್ಕವೆಂದರೆ ಲಾಭನಷ್ಟ, ಅದು ಅಂಗಡಿಯ ಧರ್ಮವೇ ಹೊರತು ಗರ್ಭಗುಡಿಯದಲ್ಲ ಎಂಬ ಭಾವನೆ ಅದರ ಹಿಂದಿದೆ. ಆದರೆ ಎಣಿಕೆಯ ಸ್ವರೂಪವನ್ನು ವೈಶೇಷಿಕ ದರ್ಶನದವರು ಕಂಡ ಬಗೆಯನ್ನು ಮನಸ್ಸಿಗೆ ತಂದುಕೊಂಡರೆ ಈ ಭಾವನೆ ನಿಲ್ಲಲಾರದೆಂದು ನನ್ನ ದೃಢವಾದ ನಂಬಿಕೆ.

ಅವರ ಮತದಲ್ಲಿ ಸಂಖ್ಯೆಯು ರೂಪರಸಗಳಂತೆ ದ್ರವ್ಯದಲ್ಲಿ ನೆಲೆಸುವ ಗುಣವೇ ಹೌದು. ಆದರೂ ಏಕತ್ವವೊಂದನ್ನುಳಿದು, ಎರಡರಿಂದ ಮೊದಲ್ಗೊಂಡು ಪರಾರ್ಧದವರೆಗಿನ ಸಂಖ್ಯೆಗಳೆಲ್ಲವೂ ಅಪೇಕ್ಷಾಬುದ್ಧಿಯಿಂದ ಜನಿಸತಕ್ಕವು; ಇದೊಂದು, ಇದೊಂದು ಎಂದು ಅನೇಕವನ್ನು ಒಂದೊಂದಾಗಿ ಗ್ರಹಿಸುವ ಜ್ಞಾನಕ್ಕೆ ಆ ಹೆಸರು. ಈ ಉತ್ಪತ್ತಿಕ್ರಮವನ್ನು ಹಂತಹಂತವಾಗಿ ವಿವರಿಸಿದ ಪ್ರಶಸ್ತಪಾದರು, ಆ ಬುದ್ಧಿಯು ನಾಶವಾದರೆ ದ್ವಿತ್ವವೂ ನಾಶವಾಗುವುದೆಂದರು. 10ನೆಯ ಶತಮಾನದ ಉದಯನಾಚಾರ್ಯರಾದರೋ ತಮ್ಮ ನ್ಯಾಯಕುಸುಮಾಂಜಲಿಯಲ್ಲಿ ಇದರಿಂದಲೇ ಈಶ್ವರಸಾಧನೆಗೊಂದು ಯುಕ್ತಿಯನ್ನು ತೆಗೆದರು. ಪರಮಾಣುವಿನ ಅಣುಪರಿಮಾಣದಿಂದ ಬೇರೊಂದು ಪರಿಮಾಣ ಹುಟ್ಟಲಾರದು. ಎರಡು ಪರಮಾಣುಗಳು ಕೂಡಿದ ದ್ವ್ಯಣುಕದ ಪರಿಮಾಣಕ್ಕೆ ಆ ಪರಮಾಣುಗಳ ಎರಡೆಂಬ ಸಂಖ್ಯೆಯೇ ಕಾರಣವಾಗಬೇಕು. ಎರಡೆಂಬುದು ಹುಟ್ಟಲು ಎಣಿಸುವ ಬುದ್ಧಿಯೊಂದು ಬೇಕು. ಸೃಷ್ಟಿಯ ಆದಿಯಲ್ಲಿ ದೇಹಧಾರಿಗಳು ಯಾರೂ ಇಲ್ಲದಿರುವಾಗ ಆ ಬುದ್ಧಿ ಈಶ್ವರನದಲ್ಲದೆ ಮತ್ತಾರದು? ಈ ಯುಕ್ತಿಯನ್ನು ಒಪ್ಪುವುದೂ ಬಿಡುವುದೂ ತಾರ್ಕಿಕರಿಗೆ ಸೇರಿದ್ದು. ಆದರೆ ಜಗತ್ತಿನ ಮೊದಲ ಎಣಿಕೆಯನ್ನು ದೇವರಿಗೇ ವಹಿಸಿದ ಪರಂಪರೆಯಲ್ಲಿ ಹುಟ್ಟಿದವರು, ಮಗುವು ದೇವರ ಮುಂದೆ ಕುಳಿತು ಕಾಯಿಗಳನ್ನು ಎಣಿಸುವುದನ್ನು ಅಪಚಾರವೆಂದು ಹೇಗೆ ಬಗೆಯಲಾದೀತು?

1941ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಜಿನೀವಾದ ಪಿಯಾಜೆ ಎಂಬ ವಿದ್ವಾಂಸನು ತೋರಿಸಿಕೊಟ್ಟದ್ದೂ ಎಣಿಕೆಗೆ ಬುದ್ಧಿ ಬೇಕೆಂಬ ಈ ಮತಕ್ಕೆ ದೂರವಲ್ಲ. ಸಮಾನ ಸಂಖ್ಯೆಯ ಬಿಲ್ಲೆಗಳ ಎರಡು ಸಾಲುಗಳಲ್ಲಿ ಒಂದನ್ನು ಮಗುವಿನ ಕಣ್ಣೆದುರಿಗೇ ಅಗಲವಾಗಿ ಹರಡಿದರೆ, ನಾಲ್ಕೈದು ವರ್ಷದ ಮಗು ಹರಡಿದ ಸಾಲಿನಲ್ಲೇ ಹೆಚ್ಚಿವೆಯೆನ್ನುತ್ತದೆ. ಕಣ್ಣು ವಿಸ್ತಾರವನ್ನು ಕಾಣುತ್ತದೆ. ಸಂಖ್ಯೆಯನ್ನು ಕಾಣುವುದು ಬೇರೊಂದು ಶಕ್ತಿ, ಅದು ಕೈಯ ಮೂಲಕ ನಿಧಾನವಾಗಿ ಎಚ್ಚರಗೊಳ್ಳುತ್ತದೆ. ಅಚ್ಚಾದ ಹಾಳೆಯ ಮೇಲಿನ ಹಣ್ಣುಗಳ ಚಿತ್ರಕ್ಕೆ ಗೆರೆಯೆಳೆಯುವ ರಜೆಯ ಅಭ್ಯಾಸವು ಈ ಎಚ್ಚರಕ್ಕೆ ಎಷ್ಟು ನೆರವಾದೀತೆಂಬುದು ನನಗೆ ಸಂಶಯವೇ; ಚಿತ್ರದ ಮಾದಳವನ್ನು ಎತ್ತಲಾಗದು, ತಿರುಗಿಸಲಾಗದು, ಇನ್ನೊಬ್ಬರ ಕೈಯಲ್ಲಿ ಇಡಲಾಗದು.

ಮಾದಳವೆಂದಾಗ ಒಂದು ಮಾತನ್ನು ಬಿಡಲಾರೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು, ಚರಾಚರಗಳಲ್ಲಿ ಯಾವುದೂ ಗಣಿತವನ್ನು ಬಿಟ್ಟು ಇರದೆಂದು ಸಾರಿದವನು, ತನ್ನ ಗಣಿತಸಾರಸಂಗ್ರಹದಲ್ಲಿ 9 ಮಾದಳ ಮತ್ತು 7 ಬೇಲದ ಹಣ್ಣುಗಳ ಬೆಲೆ 107, 7 ಮಾದಳ ಮತ್ತು 9 ಬೇಲಗಳ ಬೆಲೆ 101 ಆದರೆ ಒಂದೊಂದರ ಬೆಲೆಯೆಷ್ಟೆಂದು ಕೇಳುತ್ತಾನೆ. ಮಾದಳ 8, ಬೇಲ 5. ಅದೇ ಹಣ್ಣನ್ನು ಇಂದು ಎತ್ತಿಕೊಡುವ ಮಗು ಆ ಲೆಕ್ಕಕ್ಕೆ ಬರುವುದು ಬಹಳ ವರ್ಷಗಳ ಮೇಲೆ. ಹಣ್ಣಿನ ಪರಿಚಯವಾದರೂ ಮೊದಲೇ ಆಗಿರುತ್ತದೆ.

ಗೋವೆಯಲ್ಲಿ ಕವಳೆಯ ಅದ್ವೈತಮಠವೂ ಇದೆ, ಪರ್ತಗಾಳಿಯ ಮಾಧ್ವಮಠವೂ ಇದೆ. ಒಂದೇ ಪರಮಾರ್ಥ, ಅನೇಕವು ವ್ಯವಹಾರಮಾತ್ರ ಎನ್ನುವವರ ಮನೆಯಲ್ಲಿಯೂ, ವಸ್ತುವಸ್ತುವಿಗೂ ಇರುವ ಭೇದವು ಆ ವಸ್ತುಗಳ ಸ್ವರೂಪವೇ ಎನ್ನುವವರ ಮನೆಯಲ್ಲಿಯೂ ಮಗುವಿಗೆ ಮೊದಲು ಹೇಳಿಕೊಡುವುದು ಒಂದೊಂದನ್ನೂ ಮುಟ್ಟಿ ನೋಡೆಂದೇ. ಅಭೇದಕ್ಕೆ ಏರುವವನೂ ಬಿಡಿಬಿಡಿಯನ್ನು ಆದರದಿಂದ ಕಂಡೇ ಏರಬೇಕಾಗಿದೆ. ನನಗಂತೂ ಎಣಿಕೆಯ ಪುಣ್ಯವಿರುವುದು ಈ ಆದರದಲ್ಲಿ, ಯಾವ ಕಾಯಿಯನ್ನೂ ಬಿಡದೆ, ಯಾವುದನ್ನೂ ಎರಡು ಸಲ ಹಿಡಿಯದೆ ಇರುವ ನಿಷ್ಪಕ್ಷಪಾತದಲ್ಲಿ.

ಆದುದರಿಂದ ಹಿರಿಯರು ಅವಸರಪಡಿಸತಕ್ಕದ್ದಲ್ಲ. ಗಣಪತಿಯು ಒಂದೂವರೆ ದಿನ, ಐದು ದಿನ, ಏಳು ದಿನ ಇರುವುದು ಗೋವೆಯಲ್ಲಿ ವಾಡಿಕೆ. ಅರ್ಧ ದಿನವೆಂದರೇನೆಂದು ಮಗು ಕೇಳಿದರೆ, ಒಡೆದ ತೆಂಗಿನಕಾಯಿಯ ಎರಡು ಹೋಳುಗಳನ್ನು ಕೂಡಿಸಿ ಬಿಡಿಸಿ ತೋರಿಸಬಹುದು. ಪಂಕ್ತಿಗೆ ಎಲೆ ಹಾಕುವಾಗ ಕುಳಿತವರೊಬ್ಬೊಬ್ಬರ ಮುಂದೆಯೂ ನೆವ್ರಿಯೆಂಬ ಕರಜಿಕಾಯಿಯನ್ನು ಒಂದೊಂದಾಗಿ ಇಡುವ ಕೆಲಸವನ್ನು ಅದಕ್ಕೆ ಕೊಡಬಹುದು.

ಇನ್ನು ಗಣಪತಿಗೆ ಏರಿಸುವ 21 ದೂರ್ವೆಗಳ ವಿಷಯ. ಮಗು 19 ಕುಡಿಗಳನ್ನಿಟ್ಟು ಆಯಿತೆಂದರೆ ಪೂಜೆಗೆ ಲೋಪವೆ? ಮಂತ್ರದಲ್ಲಿ, ಕ್ರಿಯೆಯಲ್ಲಿ ಕೊರತೆಯಾದುದನ್ನು ಮನ್ನಿಸೆಂದು ಪೂಜೆಯ ಕೊನೆಯಲ್ಲಿ ಹಿರಿಯರೇ ಬೇಡಿಕೊಳ್ಳುವಾಗ ಮಗುವಿನ ತಪ್ಪಿಗೆ ಭಯವೇಕೆ? ಆದರೂ ತಪ್ಪನ್ನು ತಪ್ಪಾಗಿಯೇ ಬಿಡುವುದು ಮಗುವಿಗೆ ಗೌರವವಲ್ಲ. ಹಿರಿಯರು ತಾವೇ ಎರಡನ್ನು ಸೇರಿಸಿಬಿಡುವುದು ಇನ್ನೂ ಅಗೌರವ. ಮೊದಲೇ 21 ಅಡಕೆಗಳನ್ನು ಸಾಲಾಗಿಟ್ಟು, ಒಂದೊಂದರ ಪಕ್ಕದಲ್ಲಿ ಒಂದೊಂದು ಕುಡಿಯನ್ನಿಡೆಂದು ಹೇಳಿದರೆ, ಜತೆಯಿಲ್ಲದೆ ಉಳಿದ ಎರಡು ಅಡಕೆಗಳನ್ನು ಮಗು ತಾನೇ ಕಾಣುತ್ತದೆ. ಅಂಗಳಕ್ಕೆ ಹೋಗಿ ಇನ್ನೆರಡು ಕುಡಿಗಳನ್ನು ಕೊಯ್ದು ತರುವ ಕೆಲಸವನ್ನೂ ಅದಕ್ಕೇ ಬಿಡತಕ್ಕದ್ದು. ಪುರೋಹಿತರು ಅಷ್ಟು ಹೊತ್ತು ಕಾಯಬಲ್ಲರು.