‘ಸಾಕು’ ಎಂದವರು ಯಾರು?

ನಮ್ಮ ಕಡೆ ಊಟದ ಪಂಕ್ತಿಯಲ್ಲಿ ‘ಸಾಕು’ ಎಂಬ ಮಾತಿಗೆ ಅಷ್ಟೇನೂ ಬೆಲೆ ಇಲ್ಲ. ಮೊದಲ ಸಲ ಹೇಳಿದರೆ ಬಡಿಸುವವರು ಅದನ್ನು ಸಂಕೋಚವೆಂದು ತಿಳಿಯುತ್ತಾರೆ, ಎರಡನೆಯ ಸಲ ಹೇಳಿದರೆ ಉಪಚಾರದ ಮಾತೆಂದು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ ಮೇಲೆಯೇ ಸೌಟು ಮುಂದಿನ ಎಲೆಗೆ ಸರಿಯುವುದು. ಅಂಥ ವೇಣೂರಿನಲ್ಲಿ ಐವತ್ತು ವರ್ಷ ಉಂಡು ಬಾಳಿದ ನನಗೆ ಈಗ ಎಂಟು ತುತ್ತಿಗೇ ಸಾಕೆನ್ನುವ ಹೊಟ್ಟೆಯೊಂದಿದೆ. ಅದು ನಾನು ಸಾಧನೆಯಿಂದ ಪಡೆದದ್ದಲ್ಲ, ವೈದ್ಯರು ಕತ್ತರಿಸಿ ಮಾಡಿಕೊಟ್ಟದ್ದು. ಹಾಗಿರುವಾಗ ಎಂಟನೆಯ ತುತ್ತಿಗೆ ‘ಸಾಕು’ ಎನ್ನುವವರು ಯಾರು? ನಾನೋ, ವೈದ್ಯರ ಕತ್ತರಿಯೋ? ಅದನ್ನು ನನ್ನ ಸಂಯಮವೆಂದು ಕರೆಯಬಹುದೇ?

ಪ್ರಶ್ನೆಗೆ ಹೋಗುವ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ನನ್ನ ಎತ್ತರ ಐದು ಅಡಿ ಒಂದು ಇಂಚು; ತೂಕ 106 ಕಿಲೋ ಇತ್ತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲಿನ ನೋವು ಮೂರೂ ಸೇರಿಕೊಂಡಿದ್ದವು. ಪಥ್ಯ, ನಡಿಗೆ, ಯೋಗ ಯಾವುದನ್ನೂ ಬಿಟ್ಟಿರಲಿಲ್ಲ. ಎಂಟು ಕಿಲೋ ಇಳಿದರೆ ಹತ್ತು ಕಿಲೋ ಮರಳಿ ಬರುತ್ತಿತ್ತು. ಕೊನೆಗೆ 2023ರ ಏಪ್ರಿಲ್ ರಜೆಯಲ್ಲಿ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಜಠರ ಕಿರಿದು ಮಾಡುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ.

ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್, ಕೇವಲ 21 ವರ್ಷದ ಹುಡುಗಿ, ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡದ್ದು 2022ರ ಮೇ ತಿಂಗಳಲ್ಲಿ. ಆ ಸುದ್ದಿ ಇನ್ನೂ ಎಲ್ಲರ ಬಾಯಲ್ಲಿತ್ತು. ಅದು ಚರ್ಮದ ಅಡಿಯ ಕೊಬ್ಬನ್ನು ಹೊರತೆಗೆದು ಮೈಯ ಆಕಾರ ತಿದ್ದುವ ಚಿಕಿತ್ಸೆ. ನನ್ನದು ಬೇರೆ. ಹೊಟ್ಟೆಯಲ್ಲಿ ನಾಲ್ಕೈದು ಸಣ್ಣ ತೂತು ಮಾಡಿ, ಅದರ ಮೂಲಕ ಜಠರದ ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ನೇಂದ್ರ ಬಾಳೆಹಣ್ಣಿನ ಆಕಾರದ ಒಂದು ಸಣ್ಣ ಚೀಲ. ಅಪಾಯ ಎರಡರಲ್ಲೂ ಇದೆ, ಆದರೆ ಎರಡೂ ಒಂದೇ ಅಲ್ಲ. ಇದನ್ನು ನನ್ನ ಅತ್ತೆಗೆ ತಿಳಿಸಿ ಹೇಳುವುದು ಹತ್ತನೆಯ ತರಗತಿಗೆ ವಿಜ್ಞಾನ ಕಲಿಸುವುದಕ್ಕಿಂತ ಕಷ್ಟವಾಯಿತು.

ಮೊದಲ ಎರಡು ವಾರ ನೀರಿನಂಥ ಆಹಾರ ಮಾತ್ರ. ಕುಚ್ಚಲಕ್ಕಿ ಗಂಜಿಯ ತಿಳಿ, ಬೇಳೆಯ ಕಟ್ಟು, ನೀರು ಮಜ್ಜಿಗೆ. ಅದೂ ಲೋಟ ಎತ್ತಿ ಕುಡಿಯುವಂತಿಲ್ಲ, ಗುಟುಕು ಗುಟುಕಾಗಿ. ಆಮೇಲೆ ಅರೆದದ್ದು, ಆಮೇಲೆ ಮೆತ್ತಗೆ ಬೇಯಿಸಿದ್ದು. ಎರಡು ತಿಂಗಳ ಹೊತ್ತಿಗೆ ನೀರುದೋಸೆಯ ಒಂದು ಚೂರು ತಿಂದಾಗ ನನಗೆ ಹಬ್ಬದ ಹಾಗಾಯಿತು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಮೊದಲು ಮೊಟ್ಟೆ, ಮೀನು, ಹೆಸರುಕಾಳು; ಜಾಗ ಉಳಿದರೆ ಅನ್ನ. ಒಂದು ತುತ್ತು ಹೆಚ್ಚಾದರೂ ಎದೆಯ ನಡುವೆ ಕಲ್ಲು ಸಿಕ್ಕಿದಂತಾಗಿ, ಬಾಯಲ್ಲಿ ನೊರೆ ತುಂಬಿ, ವಾಂತಿಯಾಗುತ್ತದೆ. ಬಿ-12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಜೀವವಿರುವವರೆಗೆ. ನಾಲ್ಕನೆಯ ತಿಂಗಳು ಕೂದಲು ಉದುರಲು ಶುರುವಾಗಿ ತುರುಬು ಎಷ್ಟು ಚಿಕ್ಕದಾಯಿತೆಂದರೆ ಮಲ್ಲಿಗೆ ಮುಡಿದರೆ ನಿಲ್ಲುತ್ತಿರಲಿಲ್ಲ. ಅದು ಹೀಗೇ ಆಗುತ್ತದೆ, ಮತ್ತೆ ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಬಂತು ಕೂಡ. ಸಕ್ಕರೆಯ ಮಾತ್ರೆ ನಿಂತಿತು. ತೂಕ 72ಕ್ಕೆ ಇಳಿಯಿತು. ತೋಳಿನ ಚರ್ಮ ಮಾತ್ರ ಹಳೆಯ ರವಿಕೆಯ ಹಾಗೆ ಜೋತುಬಿದ್ದಿದೆ. ಇರಲಿ.

ಮೈ ಇಳಿದ ಮೇಲೆ ಶುರುವಾದದ್ದು ಜನರ ಪ್ರಶ್ನೆ. ‘ಎಂತ ಟೀಚರ್, ಇಷ್ಟು ಸಪೂರ ಆಗಿದ್ದೀರಿ, ಎಂತ ಮಾಡಿದ್ದು?’ ನಾನು ಉತ್ತರಿಸುವ ಮೊದಲೇ ಅವರ ಕಣ್ಣಿನಲ್ಲಿ ಮೆಚ್ಚುಗೆ ಇರುತ್ತದೆ. ಆಪರೇಷನ್ ಎಂದ ಕೂಡಲೇ ಆ ಮೆಚ್ಚುಗೆ ಅರ್ಧಕ್ಕೆ ಇಳಿಯುತ್ತದೆ. ‘ಓ, ಹಾಗಾ’ ಎನ್ನುತ್ತಾರೆ. ಪರೀಕ್ಷೆಯಲ್ಲಿ ನಕಲು ಮಾಡಿ ಪಾಸಾದವಳನ್ನು ನೋಡುವ ನೋಟ ಅದು. ಪಿತ್ತಕೋಶದ ಕಲ್ಲು ತೆಗೆಸಿಕೊಂಡವರನ್ನು ಯಾರೂ ಹಾಗೆ ನೋಡುವುದಿಲ್ಲ. ದಪ್ಪಗಿರುವುದು ಕಾಯಿಲೆಯಲ್ಲ, ನಡತೆಯ ದೋಷ. ಆದ್ದರಿಂದ ಅದಕ್ಕೆ ಔಷಧಿಯಲ್ಲ, ಪ್ರಾಯಶ್ಚಿತ್ತ ಬೇಕು ಎಂಬ ನಂಬಿಕೆ ಈ ನೋಟದ ಹಿಂದೆ ಇದೆ.

ಈ ವಿಚಾರವನ್ನು ಒಂದು ದಿನ ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಜೈನ ಟೀಚರೊಬ್ಬರಲ್ಲಿ ಎತ್ತಿದೆ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಅವರ ಶಾಸ್ತ್ರದಲ್ಲಿ ಹೊರಗಿನ ತಪಸ್ಸು ಆರು ಬಗೆ. ಮೊದಲನೆಯದು ಅನಶನ, ಅಂದರೆ ಉಪವಾಸ. ಎರಡನೆಯದು ಅವಮೌದರ್ಯ, ಹೊಟ್ಟೆ ತುಂಬುವ ಮೊದಲೇ ಏಳುವುದು. ಗಂಡಸಿನ ಪೂರ್ತಿ ಊಟ 32 ತುತ್ತು, ಹೆಂಗಸಿನದು 28 ಎಂದು ಲೆಕ್ಕ. ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ಅದು ತಪಸ್ಸೇ. ‘ಹಾಗಾದರೆ ಎಂಟೇ ತುತ್ತಿನ ನಾನು ದೊಡ್ಡ ತಪಸ್ವಿನಿಯಾದೆನಲ್ಲ ಅಕ್ಕ?’ ಎಂದೆ. ಅವರು ನಕ್ಕರು. ‘ನಿಮ್ಮ ಪಾತ್ರೆಯೇ ಸಣ್ಣದು ಟೀಚರ್. ಎಂಟಕ್ಕೆ ಎದ್ದರೆ ಅದು ಹೊಟ್ಟೆ ತುಂಬಿ ಎದ್ದದ್ದು. ಏಳಕ್ಕೆ ಎದ್ದರೆ ಆಮೇಲೆ ನೋಡುವ.’

ತಮಾಷೆಯ ಮಾತಾದರೂ ಅದರಲ್ಲಿ ತೂಕವಿದೆ. ತಿನ್ನಲು ಸಾಧ್ಯವಿದ್ದೂ ತಿನ್ನದಿರುವುದು ಸಂಯಮ. ತಿನ್ನಲಾಗದೆ ಬಿಡುವುದು ಸಂಯಮವಲ್ಲ. ಸರಿ, ಒಪ್ಪಿದೆ. ಆದರೆ ಇದೇ ಮಾತನ್ನು ಹುಟ್ಟಿನಿಂದ ಸಪೂರ ಇರುವವರಿಗೂ ಹೇಳಬೇಕಲ್ಲವೇ? 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಎಂಬ ವಿಜ್ಞಾನಿಗಳು ಜಠರದಲ್ಲಿ ಹುಟ್ಟುವ ಒಂದು ಹಾರ್ಮೋನನ್ನು ಕಂಡುಹಿಡಿದರು. ಹೆಸರು ಗ್ರೆಲಿನ್. ರಕ್ತದಲ್ಲಿ ಅದು ಏರಿದಾಗ ಮಿದುಳಿಗೆ ಹಸಿವಿನ ಕರೆ ಹೋಗುತ್ತದೆ. ಪಥ್ಯ ಮಾಡಿ ತೂಕ ಇಳಿಸಿಕೊಂಡವರಲ್ಲಿ ಅದು ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಕಳೆದುಕೊಂಡದ್ದನ್ನು ಮರಳಿ ತಾ ಎಂದು ಮೈಯೇ ಪೀಡಿಸುತ್ತದೆ. ಈ ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ನನ್ನ ಚಿಕಿತ್ಸೆಯಲ್ಲಿ ತೆಗೆದದ್ದು ಆ ಭಾಗವನ್ನೇ. ಶಸ್ತ್ರಚಿಕಿತ್ಸೆಯ ನಂತರ ಕೆಲವು ತಿಂಗಳು ಹಸಿವು ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ, ಗಡಿಯಾರ ನೋಡಿ ಉಣ್ಣುತ್ತಿದ್ದೆ.

ಆಗ ನನಗೊಂದು ಹೊಸ ವಿಷಯ ಹೊಳೆಯಿತು. ಅರ್ಧ ಹೋಳಿಗೆ ತಿಂದು ಉಳಿದರ್ಧವನ್ನು ತಾನಾಗಿಯೇ ಬಿಟ್ಟೇಳುವ ಜನರನ್ನು ಕಂಡು ಎಂಥ ಮನೋಬಲ ಎಂದು ನಾವು ಬೆರಗಾಗುತ್ತೇವಲ್ಲ, ಬಹುಶಃ ಅವರಿಗೆ ಹಸಿವೇ ಅಷ್ಟು. ಒಬ್ಬರ ಕಿವಿಯಲ್ಲಿ ಹಸಿವು ಪಿಸುಗುಟ್ಟುತ್ತದೆ, ಇನ್ನೊಬ್ಬರ ಕಿವಿಯಲ್ಲಿ ಜಾತ್ರೆಯ ಬ್ಯಾಂಡಿನಂತೆ ಬಾರಿಸುತ್ತದೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ಒಬ್ಬಳು ಸಂಯಮಿ, ಇನ್ನೊಬ್ಬಳು ಹೊಟ್ಟೆಬಾಕಿ ಎಂದು ತೀರ್ಪು ಕೊಡುವುದು ನ್ಯಾಯವೇ? ನೀವೇ ಹೇಳಿ.

ಈ ಪ್ರಶ್ನೆ ನನಗೆ ಬರಿಯ ವಾದವಾಗಿ ಉಳಿಯಲಿಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಿಸಿಯೂಟದ ಹೊತ್ತಿಗೆ ತಟ್ಟೆ ಹಿಡಿಯದೆ ಜಗಲಿಯ ಮೂಲೆಯಲ್ಲಿ ಕೂರುವುದನ್ನು ಕಂಡೆ. ವಾರವಾದರೂ ಹಾಗೆಯೇ. ಕರೆದು ವಿಚಾರಿಸಿದರೆ, ‘ನೀವು ಊಟ ಬಿಟ್ಟು ಸಪೂರ ಆದದ್ದಂತೆ ಅಲ್ವಾ ಟೀಚರ್?’ ಎಂದಳು. ಯಾರೋ ಹೇಳಿದ್ದನ್ನು ಅವಳು ನಂಬಿದ್ದಳು. ಮನೆಯಲ್ಲಿ ಅವಳನ್ನು ‘ತೋರ’ ಎಂದು ಅಣ್ಣ ಹಂಗಿಸುತ್ತಾನೆ. ಅವಳು ತೋರವೂ ಅಲ್ಲ, ಬೆಳೆಯುವ ಮಗು.

ಮೈ ನನ್ನದು, ಚಿಕಿತ್ಸೆ ನನ್ನದು, ಅದನ್ನು ಊರಿಗೆಲ್ಲ ಹೇಳಿಕೊಳ್ಳುವ ಋಣ ನನಗಿಲ್ಲ ಎಂದು ಯಾವ ಹೆಂಗಸಾದರೂ ಹೇಳಬಹುದು. ಅದು ಅವಳ ಹಕ್ಕು. ಆದರೆ ನನ್ನ ಇಳಿದ ಮೈ ಒಂದು ಸುಳ್ಳು ಪಾಠವಾಗಿ, ಅದನ್ನು ನಂಬಿ ಹದಿನಾಲ್ಕು ವರ್ಷದ ಹುಡುಗಿ ಅನ್ನ ಬಿಡುವುದಾದರೆ? ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಬೋರ್ಡಿನ ಮೇಲೆ ಜಠರದ ಚಿತ್ರ ಬರೆದೆ. ಬಿಡಿಸಿದ ಭಾಗ ಇದು, ಉಳಿದ ಭಾಗ ಇದು, ಇದು ಕಾಯಿಲೆಯಿದ್ದ ದೊಡ್ಡವರಿಗೆ ಡಾಕ್ಟರು ಮಾಡುವುದು ಎಂದೆ. ‘ನೋವಾಗಲಿಲ್ವಾ ಟೀಚರ್?’ ಎಂದು ಕೇಳಿದಳು. ಆಗಿತ್ತು ಎಂದೆ. ಅವಳ ತಾಯಿಯನ್ನೂ ಕರೆಸಿ ಮಾತನಾಡಿದೆ. ಮರುವಾರ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಳು. ‘ಓ, ಹಾಗಾ’ ಎನ್ನುವವರ ಮುಂದೆ ನನ್ನ ಮೆಚ್ಚುಗೆ ಅರ್ಧಕ್ಕೆ ಇಳಿದರೆ ಇಳಿಯಲಿ. ಒಂದು ಮಗುವಿನ ಊಟಕ್ಕಿಂತ ಅದು ದೊಡ್ಡದಲ್ಲ.

ಹಾಗೆಂದು ಎಲ್ಲವೂ ಹಾರ್ಮೋನಿನದೇ ಆಟ, ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕತ್ತರಿ ಜಠರವನ್ನು ಕಿರಿದು ಮಾಡಿತು, ಮನಸ್ಸನ್ನು ಮುಟ್ಟಲಿಲ್ಲ. ಅನ್ನ ಹಿಡಿಸದ ಹೊಟ್ಟೆಗೆ ಪಾಯಸ, ಐಸ್‌ಕ್ರೀಂ ಸಲೀಸಾಗಿ ಇಳಿಯುತ್ತವೆ. ಸಂಜೆ ಶಾಲೆಯಿಂದ ಬಂದು ಬೇಸರವಾದಾಗ ಕೈ ಈಗಲೂ ಚಕ್ಕುಲಿಯ ಡಬ್ಬಿಯತ್ತ ಹೋಗುತ್ತದೆ. ದಿನವಿಡೀ ಚೂರು ಚೂರು ತಿನ್ನುತ್ತಿದ್ದರೆ ಇಳಿದ ತೂಕ ಮತ್ತೆ ಏರುತ್ತದೆ. ಹಾಗೆ ಏರಿದವರೂ ಇದ್ದಾರೆ.

ನಮ್ಮ ಹೆಂಗಸರಿಗೆ ಇನ್ನೊಂದು ತೊಡಕಿದೆ. ಮಕ್ಕಳು ಬಿಟ್ಟದ್ದು, ಗಂಡ ಬೇಡವೆಂದದ್ದು, ನಿನ್ನೆ ಉಳಿದದ್ದು ಕೊನೆಗೆ ಸೇರುವುದು ತಾಯಿಯ ಹೊಟ್ಟೆಗೆ. ಅನ್ನ ಬಿಸಾಡಬಾರದು ಎಂಬುದು ಒಳ್ಳೆಯ ಮಾತೇ. ಆದರೆ ಹಸಿವಿಲ್ಲದೆ ತಿಂದ ಅನ್ನವೂ ಒಂದು ಬಗೆಯಲ್ಲಿ ಬಿಸಾಡಿದ ಅನ್ನವೇ, ಬಿಸಾಡಿದ ಜಾಗ ಮಾತ್ರ ಬೇರೆ. ಈಗ ನನ್ನ ಹೊಟ್ಟೆಯಲ್ಲಿ ಆ ಜಾಗವಿಲ್ಲ. ಹಾಗಾಗಿ ಅಕ್ಕಿಯನ್ನೇ ಅಳೆದು ಹಾಕುತ್ತೇವೆ. ಸಾರು ಉಳಿದರೆ ಮರುದಿನ ಎಲ್ಲರೂ ಹಂಚಿಕೊಂಡು ಉಣ್ಣುತ್ತಾರೆ. ಮೊದಮೊದಲು ಮುಖ ಸಿಂಡರಿಸಿದವರಿಗೂ ಈಗ ರೂಢಿಯಾಗಿದೆ.

ನಮ್ಮೂರಿನ 35 ಅಡಿಯ ಬಾಹುಬಲಿಯನ್ನು 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ. 2024ರಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ, ಚಿಕಿತ್ಸೆಯಾಗಿ ಹತ್ತು ತಿಂಗಳಾಗಿದ್ದ ನಾನೂ ಹೋಗಿ ನೋಡಿದೆ. ಮೊಣಕಾಲು ನೋಯದೆ ಅಷ್ಟು ಹೊತ್ತು ನಿಂತದ್ದು ಎಷ್ಟೋ ವರ್ಷಗಳ ಮೇಲೆ. ಆ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಬಾಹುಬಲಿ ವರ್ಷವಿಡೀ ಅನ್ನ ನೀರಿಲ್ಲದೆ ನಿಂತ, ಮೈಮೇಲೆ ಬಳ್ಳಿ ಹಬ್ಬಿತು, ಕಾಲ ಬಳಿ ಹುತ್ತ ಬೆಳೆಯಿತು. ಆದರೂ ಜ್ಞಾನ ಬರಲಿಲ್ಲ. ಅಣ್ಣ ಭರತನ ನೆಲದ ಮೇಲೆ ನಿಂತಿದ್ದೇನೆ ಎಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತಂತೆ. ಅದು ಹೋದ ಮೇಲೆಯೇ ಬಿಡುಗಡೆ. ಅಂಥ ಮಹಾಪುರುಷನಿಗೂ ಉಪವಾಸವೊಂದೇ ಸಾಕಾಗಲಿಲ್ಲ. ಮೈಯ ಅಳತೆಯಿಂದ ಮನಸ್ಸಿನ ಅಳತೆ ಹೇಳಲು ಬರುವುದಿಲ್ಲ ಎಂದು ನನಗೆ ಆ ಹೊತ್ತು ಅನ್ನಿಸಿತು.

ಎರಡನೆಯ ವರ್ಷದಲ್ಲಿ ನನ್ನ ಹಸಿವು ನಿಧಾನವಾಗಿ ಮರಳಿತು. ಒಂದು ದಿನ ಮೂರನೆಯ ಪೀರಿಯಡ್ಡಿನಲ್ಲಿ ಪಾಠ ಮಾಡುತ್ತಿದ್ದಾಗ ಹೊಟ್ಟೆ ಚುರುಗುಟ್ಟಿತು. ಡಾಕ್ಟರು ಇದನ್ನೂ ಹೇಳಿದ್ದರು. ಹೆದರಿಕೆಯಾಯಿತು, ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು. ಮೊದಲ ವರ್ಷದ ‘ಸಾಕು’ ವೈದ್ಯರದಾಗಿತ್ತು, ಅದಕ್ಕೆ ಅವರಿಗೆ ನಾನು ಋಣಿ. ಇನ್ನು ಮುಂದಿನದನ್ನು ನಾನೇ ಹೇಳಬೇಕು. ಕೆಲವು ದಿನ ಏಳನೆಯ ತುತ್ತಿಗೆ ಏಳುತ್ತೇನೆ, ಕೆಲವು ದಿನ ಆಗುವುದಿಲ್ಲ.