ಪಟ್ಟಿಯಲ್ಲಿ ಬರೆಯಲ್ಪಡುವ ಹೆಸರು

ಒಂದು ಹೆಸರಿನ ಬೆಲೆ ಎಷ್ಟು? 1951-52ರ ಪ್ರಥಮ ಮಹಾಚುನಾವಣೆಗಾಗಿ ಮತದಾರರ ಪಟ್ಟಿಯನ್ನು ಸಿದ್ಧಪಡಿಸಿದಾಗ ಬಿಹಾರ, ರಾಜಸ್ಥಾನ ಮೊದಲಾದ ಸೀಮೆಗಳ ಅನೇಕ ಸ್ತ್ರೀಯರು ಸ್ವಂತ ಹೆಸರನ್ನು ಹೇಳದೆ, ‘ಇಂಥವನ ಹೆಂಡತಿ’, ‘ಇಂಥವನ ಮಗಳು’ ಎಂದು ಮಾತ್ರ ಬರೆಯಿಸಿದರು. ಆದಕಾರಣ ಸುಮಾರು 28 ಲಕ್ಷ ಮಂದಿ ಪಟ್ಟಿಯಿಂದ ತೆಗೆಯಲ್ಪಟ್ಟರು. ಹಕ್ಕು ಅವರಿಗೂ ಉಂಟಾಗಿತ್ತು. ಅದನ್ನು ಉಪಯೋಗಿಸುವ ಬಾಗಿಲು ಮಾತ್ರ ಮುಚ್ಚಿಹೋಯಿತು.

“ನನ್ನದೊಂದು ಮತದಿಂದ ಆಗುವದೇನು?” ಎಂದು ಹಲವರು ಕೇಳುವದುಂಟು. ಮತ ಕೊಡದಿರುವದು ಒಬ್ಬನ ತೀರ್ಮಾನವಾಗಿರಬಹುದು. ಆದರೆ ಹೆಸರನ್ನೇ ಬರೆಯಿಸದವನು ತೀರ್ಮಾನಿಸುವ ಸ್ವಾತಂತ್ರ್ಯವನ್ನೇ ಮುಂದಾಗಿ ಬಿಟ್ಟುಕೊಡುತ್ತಾನಲ್ಲವೋ?

ಆದದರಿಂದ 18 ವರುಷ ತುಂಬಿದವರು ನಮೂನೆ 6ನ್ನು ಬರೆದುಕೊಟ್ಟು, ಚುನಾವಣೆಯ ಗದ್ದಲಕ್ಕೆ ಮುಂಚೆಯೇ ಹೆಸರನ್ನು ಸೇರಿಸಿಕೊಳ್ಳಲಿ. ಮನೆಯ ಯಜಮಾನನೇ, ನಿನ್ನ ಹೆಸರನ್ನು ನೋಡಿದರೆ ಸಾಲದು. ತಾಯಿ, ಮಗಳು, ಸೊಸೆಯರ ಹೆಸರುಗಳೂ ಅಲ್ಲಿ ಉಂಟೋ ಎಂದು ನೋಡು.