ಕೊಳ್ಳುವವನ ಧರ್ಮ

ಜವಳಿ ಅಂಗಡಿಯಲ್ಲಿ ಗಿರಾಕಿಯು ಬಟ್ಟೆ ಕೊಳ್ಳುತ್ತಿದ್ದ ಬಗೆಯನ್ನು ದಾವಣಗೆರೆಯ ಹಿರಿಯರೆಲ್ಲರೂ ಬಲ್ಲರು. ಅವನು ಜೋಡು ಕಳಚಿ ಗಾದಿಯ ಮೇಲೆ ಕುಳಿತು, ಹತ್ತಾರು ಸೀರೆಗಳನ್ನು ಬಿಚ್ಚಿಸಿ, ನೂಲನ್ನು ಬೆರಳಿನಿಂದ ತಿಕ್ಕಿ ನೋಡಿ, ಬೆಲೆಗಾಗಿ ಚೌಕಾಸಿ ಮಾಡಿ, ಒಮ್ಮೆ ಎದ್ದುಹೋಗುವಂತೆ ನಟಿಸಿ, ಕಡೆಗೆ ಒಂದನ್ನು ಕೊಳ್ಳುತ್ತಿದ್ದನು. ಪರೀಕ್ಷೆಯೆಲ್ಲವೂ ಕೊಳ್ಳುವುದಕ್ಕೆ ಮುಂಚೆಯೇ ಮುಗಿಯುತ್ತಿತ್ತು. ಅದರ ಶ್ರಮವೂ ಅವನದೇ. ಮೆಟ್ಟಿಲಿಳಿದ ಮೇಲೆ ಬಣ್ಣ ಬಿಟ್ಟಿತೆಂದರೆ ಅಂಗಡಿಯವನ ದಾಕ್ಷಿಣ್ಯವೇ ಗತಿ. ಬಟ್ಟೆಯನ್ನು ನೆಯ್ದವರನ್ನು ಕುರಿತು ಅವನು ಯೋಚಿಸುತ್ತಲೇ ಇರಲಿಲ್ಲ. ಹತ್ತಿಯ ಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಲ್ಲಿಯೂ ಗಿರಾಕಿಯ ಪಾಲಿಗೆ ಗಿರಣಿಯೆಂಬುದು ದೂರದಿಂದ ಕೇಳಿಬರುವ ಒಂದು ಕೂಗು ಮಾತ್ರವಾಗಿತ್ತು.

ಒಂದು ಕಾಲಕ್ಕೆ ದಾವಣಗೆರೆಯ ಹೊರಗಿನ ಹಳ್ಳಿಯಾಗಿದ್ದು ಈಗ ನಗರದೊಡನೆ ಬೆರೆತುಹೋಗಿರುವ ಶಾಮನೂರಿನಲ್ಲಿ ಇಂದು ಈ ಕ್ರಮವು ತಲೆಕೆಳಗಾಗಿದೆ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಚಿತ್ರವನ್ನು ನೋಡಿ ಸೀರೆಯನ್ನು ಆರಿಸುತ್ತಾರೆ. ಕೆಲವು ದಿನಗಳಲ್ಲಿ ಪಾರ್ಸಲು ಬಾಗಿಲಿಗೆ ಬರುತ್ತದೆ. ಪರೀಕ್ಷೆಯು ಆಗ ಮೊದಲಾಗುತ್ತದೆ. ಮನಸ್ಸಿಗೆ ಬಾರದಿದ್ದರೆ ಸೀರೆಯು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಮೊದಲಾದ ಫ್ಲಿಪ್‌ಕಾರ್ಟ್ ಸಂಸ್ಥೆಯು, ಸರಕು ಕೈಸೇರಿದ ಮೇಲೆಯೇ ಹಣ ತೆರುವ ಪದ್ಧತಿಯನ್ನು 2010ರಲ್ಲಿ ತಂದಿತು. ಮುಖ ಕಾಣದ ವ್ಯಾಪಾರಿಯನ್ನು ನಂಬಲೊಲ್ಲದ ಜನಕ್ಕೆ ತೋರಿದ ರಿಯಾಯಿತಿ ಅದು. ಹಿಂದಿರುಗಿಸುವ ಅನುಕೂಲವೂ ಅಂಥದೇ. ಆದರೆ ಅನುಕೂಲವು ವಾಡಿಕೆಯಾಯಿತು, ವಾಡಿಕೆಯು ಹಕ್ಕಾಯಿತು; ಈಗ ಆ ಹಕ್ಕನ್ನು ಜನರು ವ್ಯಾಪಾರಿಯ ಮೇಲಷ್ಟೇ ಅಲ್ಲದೆ, ಅವನ ಹಿಂದೆ ನಿಂತಿರುವ ತಯಾರಕನ ಮೇಲೆಯೂ ಸಾಧಿಸತೊಡಗಿದ್ದಾರೆ. ಸರಕು ಬೇಗ ಬರಬೇಕು, ಚಿತ್ರದಂತೆಯೇ ಇರಬೇಕು, ದೂರಿಗೆ ಆ ದಿನವೇ ಉತ್ತರ ಬರಬೇಕು, ಬೇಡವೆಂದರೆ ಬಿಟ್ಟಿಯಾಗಿ ಒಯ್ಯಬೇಕು. ಈ ಬೇಡಿಕೆಗಳಲ್ಲಿ ನ್ಯಾಯವಾದುವು ಯಾವುವು, ನ್ಯಾಯವಲ್ಲದುವು ಯಾವುವು?

ಹಳೆಯ ಪದ್ಧತಿಯನ್ನು ಹೊಗಳಿ ಹೊಸದನ್ನು ಹಳಿಯುವುದು ಸುಲಭ, ಅದು ನಿಜವಲ್ಲ. ಹಳೆಯ ಅಂಗಡಿಯಲ್ಲಿ ಚೌಕಾಸಿ ಬಲ್ಲವನಿಗೊಂದು ಬೆಲೆ, ಬಾರದವನಿಗೊಂದು ಬೆಲೆ. ಊರ ಗೌಡರ ಮನೆಯ ದೂರಿಗೆ ಸಿಗುತ್ತಿದ್ದ ಮನ್ನಣೆ ಕೂಲಿಯವಳ ದೂರಿಗೆ ಸಿಗುತ್ತಿರಲಿಲ್ಲ. ಇಂದು ಆ ಕೂಲಿಯವಳ ಮಗಳು ಕೆಟ್ಟ ಮಿಕ್ಸರಿನ ವಿಷಯವನ್ನು ನಾಲ್ಕು ಸಾಲು ಬರೆದರೆ, ಅದನ್ನು ಕೊಳ್ಳಬೇಕೆಂದಿರುವ ಸಾವಿರಾರು ಜನ ಓದುತ್ತಾರೆ, ತಯಾರಿಸಿದವನೂ ಓದಬೇಕಾಗುತ್ತದೆ. ಮಾತಿಲ್ಲದವರಿಗೆ ಮಾತು ಬಂದುದು ಸಣ್ಣ ಲಾಭವಲ್ಲ.

ತಯಾರಕನಿಗೂ ಕೊಳ್ಳುವವನಿಗೂ ನಡುವೆ ಮಾತು ಎಷ್ಟು ನಿಧಾನವಾಗಿ ಸಾಗುತ್ತಿತ್ತೆಂಬುದಕ್ಕೆ ಕಿರ್ಲೋಸ್ಕರರ ಕತೆಯೇ ಸಾಕ್ಷಿ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹುಟ್ಟಿ ಲೇತುಗಳಿಗೆ ಹೆಸರಾಯಿತಷ್ಟೆ. ಆ ಮನೆತನದ ಉದ್ಯಮಕ್ಕೆ ತಳಹದಿ ಹಾಕಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಅದಕ್ಕೂ ಬಹಳ ಮುಂಚೆ, ಬೆಳಗಾವಿಯಲ್ಲಿ, ಕಬ್ಬಿಣದ ನೇಗಿಲನ್ನು ಮಾಡಿದಾಗ ರೈತರು ಅದನ್ನು ಮುಟ್ಟಲಿಲ್ಲ. ಕಬ್ಬಿಣವು ನೆಲಕ್ಕೆ ನಂಜಾದೀತೆಂದು ಅಂಜಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರುಷ ಹಿಡಿಯಿತೆಂದು ಪ್ರಸಿದ್ಧಿ. ಆ ಎರಡು ವರುಷ ತಯಾರಕನೂ ಕಾದನು, ರೈತನೂ ಕಾದನು. ಇಂದು ಹೊಸ ಸರಕೊಂದು ಮೊದಲ ವಾರದಲ್ಲಿಯೇ ನಕ್ಷತ್ರಗಳ ಎಣಿಕೆಯಲ್ಲಿ ಕೆಳಗಿಳಿದರೆ, ಅದಕ್ಕೆ ಎರಡನೆಯ ವಾರವೇ ಇಲ್ಲವಾಗಬಹುದು.

ಕಾಯಿದೆಯು ಈ ವಿಷಯದಲ್ಲಿ ಎಳೆದಿರುವ ಗೆರೆಯನ್ನು ಗಮನಿಸುವುದು ಒಳ್ಳೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷವುಳ್ಳ ವಸ್ತುವಿನಿಂದಾದ ಹಾನಿಗೆ ತಯಾರಕನನ್ನೂ ಹೊಣೆ ಮಾಡಿತು. 2020ರ ಜುಲೈಯಲ್ಲಿ ಹೊರಟ ಇ-ವಾಣಿಜ್ಯದ ನಿಯಮಗಳ ಪ್ರಕಾರ, ದೂರು ತಲುಪಿತೆಂದು 48 ಗಂಟೆಗಳೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸರಕು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ವರ್ಣಿಸಿದಂತೆ ಇಲ್ಲದಿದ್ದರೆ, ಹೇಳಿದ ಹೊತ್ತಿಗೆ ಬಾರದಿದ್ದರೆ, ಮಾರಿದವನು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆನೆನ್ನುವಂತಿಲ್ಲ. ಈ ನಾಲ್ಕೂ ಮಾತು ತಪ್ಪಿದ ಸಂದರ್ಭಗಳು. ಕೊಂಡವನ ಮನಸ್ಸು ಬದಲಾಯಿತೆಂಬುದು ಇವುಗಳಲ್ಲಿ ಸೇರಿಲ್ಲ. ಅದಕ್ಕಾಗಿ ಹಿಂದಿರುಗಿಸುವುದು ದೊಡ್ಡ ವ್ಯಾಪಾರಿಗಳು ಗಿರಾಕಿಗಳನ್ನು ಒಲಿಸಿಕೊಳ್ಳಲು ಕೊಟ್ಟ ಕೊಡುಗೆ. ಆ ಕೊಡುಗೆಯ ವೆಚ್ಚವನ್ನು ಹಲವು ವೇಳೆ ತೆರುವವನು ಬೇರೊಬ್ಬನು.

ಆ ಬೇರೊಬ್ಬನು ಸಣ್ಣ ತಯಾರಕ. ದೊಡ್ಡ ಕಾರ್ಖಾನೆಗೆ ನೂರರಲ್ಲಿ ಹತ್ತು ಹಿಂದಿರುಗಿದರೂ ಅದು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು. ಇಳಕಲ್ಲಿನ ಕೈಮಗ್ಗದವನಿಗೆ ಹಾಗಲ್ಲ. ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕುಣಿಕೆಯಿಂದ ಕೂಡಿಸಿ ನೆಯ್ಯುವುದು ಆ ಸೀರೆಯ ವಿಶೇಷ. ಅರಿಯದವರ ಕಣ್ಣಿಗೆ ಆ ಕೂಡುಗೆಯೇ ಕುಂದಾಗಿ ಕಂಡೀತು. ಕೈಯಿಂದ ನೆಯ್ದುದರಲ್ಲಿ ಒಂದು ಎಳೆ ದಪ್ಪ, ಒಂದು ಎಳೆ ತೆಳುವು ಇರುವುದು ಸಹಜ. ಯಂತ್ರದ ಬಟ್ಟೆಯಿಂದ ಕಣ್ಣನ್ನು ತಿದ್ದಿಕೊಂಡವರು ಒಂದು ಸೀರೆ ಮತ್ತೊಂದರಂತೆಯೇ ಇರಬೇಕೆಂದು ಕೇಳಿದರೆ, ಕೈಕೆಲಸವು ಬೇಡವೆಂದೇ ಕೇಳಿದಂತೆ. ದಾವಣಗೆರೆಯ ಮಂಡಕ್ಕಿಯ ಭಟ್ಟಿಯವರು ಈ ಮಟ್ಟಿಗೆ ಅದೃಷ್ಟವಂತರು. ಕಾದ ಮರಳಿನಲ್ಲಿ ಅರಳಿ ಬಂದ ಮಂಡಕ್ಕಿಯನ್ನು ಬಾಯಿಗೆ ಹಾಕಿ ನೋಡಿಯೇ ಕೊಳ್ಳುವ ಜನ ಇನ್ನೂ ಇದ್ದಾರೆ. ಅಲ್ಲದೆ ಗಾಳಿ ಸೋಕಿದೊಡನೆ ಮೆತ್ತಗಾಗುವ ಆ ಪದಾರ್ಥವು ಹೋದ ದಾರಿಯಲ್ಲಿ ಹಿಂದಿರುಗುವ ಜಾತಿಯದೂ ಅಲ್ಲ!

ಹಾಗಾದರೆ ಕೊಳ್ಳುವವನು ಏನನ್ನು ನಿರೀಕ್ಷಿಸಬಹುದು? ವಸ್ತುವಿನ ಸತ್ಯವನ್ನು ಪೂರ್ತಿಯಾಗಿ ನಿರೀಕ್ಷಿಸಬಹುದು. ಆ ವಿಷಯದಲ್ಲಿ ಎಳ್ಳಷ್ಟೂ ಬಿಟ್ಟುಕೊಡಬೇಕಾಗಿಲ್ಲ. ಆದರೆ ತನ್ನ ಚಪಲದ ವೆಚ್ಚವನ್ನು ಕಾಣದ ಒಬ್ಬನು ತೆರಬೇಕೆಂಬುದು ನಿರೀಕ್ಷೆಯಲ್ಲ. ಅದಕ್ಕೆ ಬೇರೆ ಹೆಸರಿದೆ. ಮದುವೆಗೆಂದು ತರಿಸಿದ ಸೀರೆಯನ್ನು ಉಟ್ಟು, ಮಡಿಸಿ, ಮೂರನೆಯ ದಿನ ಹಿಂದಿರುಗಿಸುವವರು ಅಂಗಡಿಯವನೆದುರಿಗೆ ಹಾಗೆ ಮಾಡಲು ನಾಚುತ್ತಿದ್ದರು. ಮುಖವಿಲ್ಲದ ಕಡೆ ಮುಖದಾಕ್ಷಿಣ್ಯವೂ ಇಲ್ಲ.

ಹಿಂದಿರುಗಿಸುವಾಗ ಕಾರಣವನ್ನು ಕೇಳುವ ಒಂದು ಪಟ್ಟಿ ಮೊಬೈಲಿನಲ್ಲಿ ತೆರೆದುಕೊಳ್ಳುತ್ತದೆ. ‘ಮನಸ್ಸು ಬದಲಾಯಿತು’ ಎಂಬುದೂ ‘ವಸ್ತುವಿನಲ್ಲಿ ದೋಷವಿದೆ’ ಎಂಬುದೂ ಅದರಲ್ಲಿ ಒಂದರ ಕೆಳಗೊಂದು ಇರುತ್ತವೆ. ಎರಡನೆಯದನ್ನು ಒತ್ತಿದರೆ ಪ್ರಶ್ನೆಗಳು ಕಡಮೆ, ಹಣವು ಬೇಗ ಬಂದೀತೆಂಬ ಆಸೆ ಬೇರೆ. ಶಾಮನೂರಿನ ಮನೆಯಲ್ಲಿ ಕುಳಿತವರ ಬೆರಳು ಯಾರೂ ನೋಡದ ಹೊತ್ತಿನಲ್ಲಿ ಅದರ ಮೇಲೆ ಬೀಳುತ್ತದೆ. ಕೆಲವು ದಿನಗಳ ಮೇಲೆ ಪಾರ್ಸಲು ಮಗ್ಗದ ಮನೆಯನ್ನು ಸೇರುತ್ತದೆ. ನೇಕಾರನು ಸೀರೆಯನ್ನು ಬಿಚ್ಚಿ ಬಾಗಿಲ ಬೆಳಕಿನಲ್ಲಿ ಹರವಿ, ಇಲ್ಲದ ದೋಷವನ್ನು ಅಂಚಿನಿಂದ ಅಂಚಿಗೆ ಹುಡುಕುತ್ತಾನೆ.